ಸೇವೆ ಸಾಲದು, ಒಡೆತನ ಬೇಕು

ಡಿಸೆಂಬರ್ 3ರ ಅಂಗವಿಕಲರ ದಿನಾಚರಣೆಯ ಫೋಟೊ ಪತ್ರಿಕೆ ಓದುವ ಎಲ್ಲರಿಗೂ ಪರಿಚಿತ. ಜಿಲ್ಲಾ ಕೇಂದ್ರದಲ್ಲಿ ಶಾಮಿಯಾನ, ಸಾಲಾಗಿ ನಿಲ್ಲಿಸಿದ ತ್ರಿಚಕ್ರ ವಾಹನಗಳು, ಕೀಲಿ ಹಸ್ತಾಂತರಿಸುತ್ತಿರುವ ಜನಪ್ರತಿನಿಧಿ, ಅವರ ಅಕ್ಕಪಕ್ಕ ಅಧಿಕಾರಿಗಳು. ವೇದಿಕೆಗೆ ಮೆಟ್ಟಿಲುಗಳಿರುವುದರಿಂದಲೋ ಏನೋ, ಫಲಾನುಭವಿಗಳು ಸಾಮಾನ್ಯವಾಗಿ ಕೆಳಗೇ ಇರುತ್ತಾರೆ. ಆ ವಾಹನದ ಬೇರಿಂಗ್ ಆರು ತಿಂಗಳಲ್ಲಿ ಸವೆದರೆ ಎಲ್ಲಿಗೆ ಒಯ್ಯಬೇಕು, ಮನೆಯ ಹೊಸ್ತಿಲು ದಾಟಿಸುವವರು ಯಾರು, ಅಪ್ಪ–ಅಮ್ಮ ತೀರಿಕೊಂಡ ಮೇಲೆ ಬೆಳಿಗ್ಗೆ ಹಾಸಿಗೆಯಿಂದ ಎಬ್ಬಿಸುವವರು ಯಾರು, ಬಾಡಿಗೆ ಮನೆಯವರು ಗಾಲಿಕುರ್ಚಿ ಕಂಡು ಬಾಗಿಲು ಹಾಕಿಕೊಂಡರೆ ಯಾರ ಬಳಿ ಹೇಳಿಕೊಳ್ಳಬೇಕು– ಇಂಥ ಪ್ರಶ್ನೆ ಹೊತ್ತು ಬಂದವರಿಗೆ ಒಂದೇ ಕಡೆ ಉತ್ತರ ಸಿಗುವ ಜಾಗ ನಮ್ಮ ಜಿಲ್ಲೆಗಳಲ್ಲಿ ಇಲ್ಲ. ಮಾಸಾಶನಕ್ಕೆ ಒಂದು ಕಚೇರಿ, ಬಸ್ ಪಾಸಿಗೆ ಇನ್ನೊಂದು, ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡಿಗೆ ಆಸ್ಪತ್ರೆ. ಉಳಿದದ್ದೆಲ್ಲ ಮನೆಯವರ ಪಾಲಿಗೆ. ರಾಜ್ಯದ ಪ್ರತಿ ಜಿಲ್ಲೆಯಲ್ಲೂ ಇಂಥದ್ದೊಂದು ಜಾಗ ಬೇಕು, ಅದನ್ನು ಸ್ವತಂತ್ರ ಬದುಕಿನ ಕೇಂದ್ರ ಎಂದು ಕರೆಯೋಣ. ಆದರೆ ಕೇಂದ್ರ ತೆರೆಯುವುದಕ್ಕಿಂತ ಮುಖ್ಯವಾದ ವಿಷಯವೊಂದಿದೆ. ಅದನ್ನು ನಡೆಸುವ ಅಧಿಕಾರ ಅಂಗವಿಕಲರ ಕೈಯಲ್ಲಿ ಕಾನೂನಿನ ಪ್ರಕಾರವೇ ಇಲ್ಲದಿದ್ದರೆ ಆ ಜಾಲವೂ ಇನ್ನೊಂದು ಇಲಾಖೆಯಾಗಿ ಮುಗಿದುಹೋಗುತ್ತದೆ. ಇದು ಊಹೆಯಲ್ಲ. ಐದು ದಶಕಗಳಿಂದ ಇಂಥ ಜಾಲ ನಡೆಸುತ್ತಿರುವ ನಾಡುಗಳ ಅನುಭವ ಅದನ್ನೇ ಹೇಳುತ್ತದೆ.

‘ಕೇಂದ್ರ’ ಎಂದ ಕೂಡಲೇ ನಮ್ಮ ಕಣ್ಣಿಗೆ ಕಾಣುವುದು ಕಾಂಪೌಂಡ್, ವಾರ್ಡನ್, ಊಟದ ಗಂಟೆ. ಇದು ಅದಲ್ಲ. ಅಮೆರಿಕದ ಪುನರ್ವಸತಿ ಕಾಯ್ದೆಯಲ್ಲಿ ಈ ಕೇಂದ್ರಗಳಿಗೆ ಇರುವ ವ್ಯಾಖ್ಯಾನದಲ್ಲೇ ಇದು ವಸತಿ ಸಂಸ್ಥೆ ಆಗಿರಕೂಡದು ಎಂಬ ಷರತ್ತಿದೆ. ಅಲ್ಲಿ ಯಾರೂ ವಾಸಿಸುವುದಿಲ್ಲ. ತಮ್ಮ ಮನೆಯಲ್ಲಿ, ತಮ್ಮ ಬೀದಿಯಲ್ಲಿ ಬದುಕಲು ಏನು ಬೇಕೋ ಅದನ್ನು ಹೊಂದಿಸಿಕೊಳ್ಳಲು ಜನ ಅಲ್ಲಿಗೆ ಬಂದು ಹೋಗುತ್ತಾರೆ. ಕಾಯ್ದೆ ಹೇಳುವ ಕಡ್ಡಾಯ ಕೆಲಸಗಳಲ್ಲಿ ಮಾಹಿತಿ ಕೊಡುವುದು, ದಿನನಿತ್ಯದ ಬದುಕಿನ ಕೌಶಲ ಕಲಿಸುವುದು, ಒಬ್ಬ ಅಂಗವಿಕಲ ವ್ಯಕ್ತಿ ಇನ್ನೊಬ್ಬರಿಗೆ ಅನುಭವದ ಬಲದಿಂದ ಸಲಹೆ ಹೇಳುವುದು, ಹಕ್ಕಿಗಾಗಿ ದನಿ ಎತ್ತುವುದು ಮೊದಲಿನಿಂದಲೂ ಇದ್ದವು. ವೃದ್ಧಾಶ್ರಮದಂಥ ಸಂಸ್ಥೆಗಳಿಂದ ಜನರನ್ನು ಹೊರತಂದು ಊರಿನೊಳಗೆ ನೆಲೆಗೊಳಿಸುವ ಕೆಲಸ 2014ರಲ್ಲಿ ಸೇರಿತು. ಒಂದೇ ಬಗೆಯ ಅಂಗವೈಕಲ್ಯಕ್ಕೆ ಸೀಮಿತವಾದ ಸಂಸ್ಥೆಗೆ ಈ ಹೆಸರು ಸಲ್ಲುವುದಿಲ್ಲ. ಅಂಧರು, ಕಿವುಡರು, ಬೆನ್ನುಹುರಿಗೆ ಪೆಟ್ಟಾದವರು, ಬೌದ್ಧಿಕ ಅಂಗವೈಕಲ್ಯ ಇರುವವರು, ಮನೋರೋಗದಿಂದ ಬಳಲಿದವರು ಎಲ್ಲರಿಗೂ ಒಂದೇ ಬಾಗಿಲು. ಆಡಳಿತ ಮಂಡಳಿಯ ಬಹುಮತ ತೀವ್ರ ಅಂಗವೈಕಲ್ಯ ಇರುವವರದ್ದೇ ಆಗಿರಬೇಕು. ಸಿಬ್ಬಂದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ, ತೀರ್ಮಾನ ತೆಗೆದುಕೊಳ್ಳುವ ಹುದ್ದೆಗಳಲ್ಲಿಯೂ ಅರ್ಧಕ್ಕಿಂತ ಹೆಚ್ಚು ಮಂದಿ ಅಂಗವಿಕಲರಾಗಿರಬೇಕು. ಸಂಖ್ಯೆಯ ಈ ನಿಯಮ ಒಣ ತಾಂತ್ರಿಕ ಅಂಶದಂತೆ ಕಾಣಬಹುದು. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯ ಜೀವ ಇರುವುದು ಅದರಲ್ಲಿಯೇ.

ಆ ನಿಯಮ ಎಲ್ಲಿಂದ ಹುಟ್ಟಿತು ಎಂಬುದನ್ನು ನೋಡಿದರೆ ಕಾರಣ ತಿಳಿಯುತ್ತದೆ. ಕ್ಯಾಲಿಫೋರ್ನಿಯಾದ ಎಡ್ ರಾಬರ್ಟ್ಸ್‌ಗೆ 14ನೇ ವಯಸ್ಸಿನಲ್ಲಿ ಪೋಲಿಯೊ ತಗುಲಿ ಕುತ್ತಿಗೆಯಿಂದ ಕೆಳಗೆ ಹೆಚ್ಚುಕಡಿಮೆ ಚಲನೆಯೇ ಇಲ್ಲದಾಯಿತು. ರಾತ್ರಿ ಉಸಿರಾಟಕ್ಕೆ ಯಂತ್ರ ಬೇಕಿತ್ತು. ಕಾಲೇಜು ಓದಿಗೆ ನೆರವು ಕೇಳಿದಾಗ ರಾಜ್ಯದ ಪುನರ್ವಸತಿ ಇಲಾಖೆ ಈತ ಮುಂದೆ ದುಡಿಯುವುದು ಅಸಾಧ್ಯ ಎಂದು ಮೊದಲು ತಿರಸ್ಕರಿಸಿತು. ಗದ್ದಲವಾದ ಮೇಲೆ ನೆರವು ಸಿಕ್ಕಿತು. 1962ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯ ಸೇರಿದಾಗ ಹಾಸ್ಟೆಲ್ ಒಗ್ಗದೆ ಕ್ಯಾಂಪಸ್ಸಿನ ಆಸ್ಪತ್ರೆಯ ಕೋಣೆಯೊಂದರಲ್ಲಿ ಉಳಿದರು. ಅಂಥದ್ದೇ ಸ್ಥಿತಿಯ ಇನ್ನಷ್ಟು ವಿದ್ಯಾರ್ಥಿಗಳು ಬಂದು ಸೇರಿಕೊಂಡರು. ತಮಗೆ ಬೇಕಾದ ಸಹಾಯಕರನ್ನು ತಾವೇ ಆರಿಸಿ ಕೆಲಸಕ್ಕಿಟ್ಟುಕೊಳ್ಳುವುದು, ಕೆಟ್ಟ ಗಾಲಿಕುರ್ಚಿಯನ್ನು ಅಂದೇ ರಿಪೇರಿ ಮಾಡಿಸುವುದು, ಮೆಟ್ಟಿಲಿಲ್ಲದ ಮನೆ ಹುಡುಕುವುದು ಅವರ ಕೆಲಸವಾಯಿತು. 1970ರಲ್ಲಿ ವಿದ್ಯಾರ್ಥಿಗಳಿಗಾಗಿ ಶುರುವಾದ ಈ ಏರ್ಪಾಟು ಕ್ಯಾಂಪಸ್ಸಿನ ಹೊರಗಿನವರೂ ಬಂದು ನೆರವು ಕೇಳತೊಡಗಿದಾಗ 1972ರಲ್ಲಿ ಬರ್ಕ್ಲಿಯ ಸ್ವತಂತ್ರ ಬದುಕಿನ ಕೇಂದ್ರವಾಯಿತು. ಯಾವ ತಜ್ಞರ ಸಮಿತಿಯೂ ಇದನ್ನು ರೂಪಿಸಲಿಲ್ಲ. ತಜ್ಞರು ‘ಅಸಾಧ್ಯ’ ಎಂದು ಷರಾ ಬರೆದಿದ್ದವರೇ ರೂಪಿಸಿದರು. ಪುನರ್ವಸತಿ ಎಂದರೆ ಮನುಷ್ಯನನ್ನು ತಿದ್ದುವುದು ಎಂದುಕೊಂಡಿದ್ದ ಇಲಾಖೆಯ ಎದುರು, ತಿದ್ದಬೇಕಾದದ್ದು ಮನೆ, ಬೀದಿ, ಬಸ್ಸು ಮತ್ತು ಕಾನೂನು ಎಂದು ಅವರು ತೋರಿಸಿದರು. 1975ರಲ್ಲಿ ಗವರ್ನರ್ ಜೆರ್ರಿ ಬ್ರೌನ್ ಅದೇ ಪುನರ್ವಸತಿ ಇಲಾಖೆಗೆ ರಾಬರ್ಟ್ಸ್ ಅವರನ್ನೇ ನಿರ್ದೇಶಕರನ್ನಾಗಿ ನೇಮಿಸಿದರು. ಕತೆಯಲ್ಲಿ ಬರೆದಿದ್ದರೆ ಅತಿಯಾಯಿತು ಎನ್ನಬಹುದಾಗಿದ್ದ ತಿರುವು. ಇಲಾಖೆಯ ಹಣ ರಾಜ್ಯದ ಬೇರೆ ಊರುಗಳಲ್ಲಿ ಕೇಂದ್ರ ತೆರೆಯಲು ಹರಿಯತೊಡಗಿದ್ದು ಆಮೇಲೆ.

ಒಂದು ಕೇಂದ್ರ ಜಾಲವಾಗಲು ಸದಾಶಯ ಸಾಲದು, ಕಾನೂನು ಬೇಕು. ಪುನರ್ವಸತಿ ಕಾಯ್ದೆಗೆ ಬಂದ 1978ರ ತಿದ್ದುಪಡಿ ದೇಶದಾದ್ಯಂತ ಇಂಥ ಕೇಂದ್ರಗಳಿಗೆ ಒಕ್ಕೂಟ ಸರ್ಕಾರದ ಹಣ ಕೊಡುವ ದಾರಿ ತೆರೆಯಿತು. 1992ರಲ್ಲಿ ಪ್ರತಿ ರಾಜ್ಯದಲ್ಲೂ ಸ್ವತಂತ್ರ ಬದುಕಿನ ಪರಿಷತ್ತು ಇರಬೇಕು ಎಂದಾಯಿತು. ಆ ಪರಿಷತ್ತಿನ ಬಹುಮತವೂ ಅಂಗವಿಕಲರದ್ದೇ, ಅದೂ ಸರ್ಕಾರದ ನೌಕರರಲ್ಲದ, ಕೇಂದ್ರಗಳ ನೌಕರರೂ ಅಲ್ಲದ ಅಂಗವಿಕಲರದ್ದು. ಮೂರು ವರ್ಷಕ್ಕೊಮ್ಮೆ ರಾಜ್ಯದ ಯೋಜನೆ ಬರೆಯಬೇಕು. ಯಾವ ಭಾಗದಲ್ಲಿ ಕೇಂದ್ರ ಇಲ್ಲ, ಹೊಸ ಹಣ ಬಂದರೆ ಮೊದಲು ಎಲ್ಲಿಗೆ, ಯಾವ ಬಗೆಯ ಅಂಗವಿಕಲರು ಕೈತಪ್ಪಿಹೋಗಿದ್ದಾರೆ ಎಂಬುದೆಲ್ಲ ಅದರಲ್ಲಿ ಇರಬೇಕು. ಈಗಿನ ಕಾನೂನಿನಂತೆ ಆ ಯೋಜನೆಗೆ ಪರಿಷತ್ತಿನ ಅಧ್ಯಕ್ಷರು ಮತ್ತು ಇಲಾಖೆಯ ಮುಖ್ಯಸ್ಥರ ಸಹಿ ಅಷ್ಟೇ ಸಾಲದು, ರಾಜ್ಯದ ಅರ್ಧಕ್ಕಿಂತ ಹೆಚ್ಚು ಕೇಂದ್ರಗಳ ನಿರ್ದೇಶಕರೂ ಸಹಿ ಹಾಕಬೇಕು. ಇಲಾಖೆ ತಾನೊಂದೇ ಕೂತು ಯೋಜನೆ ಬರೆದು ಕೆಳಗೆ ಕಳಿಸುವಂತಿಲ್ಲ, ಕೇಂದ್ರಗಳೂ ತಮ್ಮತಮ್ಮೊಳಗೆ ಹಣ ಹಂಚಿಕೊಂಡು ಸುಮ್ಮನಾಗುವಂತಿಲ್ಲ. ಒಕ್ಕೂಟ ಸರ್ಕಾರದ ಅನುದಾನ ಪಡೆಯುವ ಕೇಂದ್ರಗಳು ಅಮೆರಿಕದಲ್ಲಿ ಇಂದು ಸುಮಾರು 350. ಕ್ಯಾಲಿಫೋರ್ನಿಯಾದ 58 ಕೌಂಟಿಗಳಿಗೆ 28 ಕೇಂದ್ರಗಳು. ಕರ್ನಾಟಕದ ಎರಡರಷ್ಟು ವಿಸ್ತಾರದ, ಹನ್ನೊಂದು ಲಕ್ಷ ಚಿಲ್ಲರೆ ಜನರ ಮೊಂಟಾನಾ ರಾಜ್ಯ ನಾಲ್ಕೇ ಕೇಂದ್ರಗಳಿಂದ ಉಪ ಕಚೇರಿಗಳನ್ನೂ ಓಡಾಡುವ ಸಿಬ್ಬಂದಿಯನ್ನೂ ಇಟ್ಟುಕೊಂಡು ನಡೆಸುತ್ತದೆ. ಹಳ್ಳಿಗಾಡಿಗೆ ಇದೆಲ್ಲ ಆಗದು ಎನ್ನುವವರು ಗಮನಿಸಬೇಕಾದ ರಾಜ್ಯ ಅದು.

ಬಿಡಿ ಕೇಂದ್ರಗಳಿಗಿಂತ ಜಾಲ ಯಾಕೆ ಬೇಕು ಎಂಬುದಕ್ಕೆ ಕ್ಯಾಲಿಫೋರ್ನಿಯಾದ ಕಾಳ್ಗಿಚ್ಚು ಒಳ್ಳೆಯ ನಿದರ್ಶನ. ಗಾಳಿ ಬೀಸುವ ದಿನಗಳಲ್ಲಿ ತಂತಿಯಿಂದ ಕಿಡಿ ಹಾರಿ ಕಾಡು ಹೊತ್ತಿಕೊಳ್ಳದಿರಲೆಂದು ಅಲ್ಲಿನ ವಿದ್ಯುತ್ ಕಂಪನಿಗಳು ಮುನ್ನೆಚ್ಚರಿಕೆಯಾಗಿ ಕರೆಂಟ್ ತೆಗೆಯತೊಡಗಿದವು. 2019ರಲ್ಲಿ ಇದು ಲಕ್ಷಾಂತರ ಮನೆಗಳಿಗೆ ತಟ್ಟಿತು. ವೆಂಟಿಲೇಟರ್ ಮೇಲೆ ಬದುಕಿರುವವರಿಗೆ, ಕರೆಂಟಿನಿಂದ ಚಾರ್ಜ್ ಆಗುವ ಗಾಲಿಕುರ್ಚಿ ನಂಬಿದವರಿಗೆ ಎರಡು ದಿನದ ಕತ್ತಲೆ ಎಂದರೆ ಪ್ರಾಣಾಪಾಯ. ಯಾರ ಮನೆಯಲ್ಲಿ ಯಾವ ಯಂತ್ರವಿದೆ ಎಂಬುದು ಕಂಪನಿಯ ಬಿಲ್ಲಿಂಗ್ ಪುಸ್ತಕದಲ್ಲಿ ಪೂರ್ತಿ ಸಿಗುವುದಿಲ್ಲ, ಕೇಂದ್ರದ ಸಿಬ್ಬಂದಿಗೆ ಗೊತ್ತಿರುತ್ತದೆ. ಕೇಂದ್ರಗಳ ರಾಜ್ಯ ಒಕ್ಕೂಟವು ದೊಡ್ಡ ವಿದ್ಯುತ್ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡು, ಮನೆಮನೆಗೆ ಬ್ಯಾಟರಿ ತಲುಪಿಸುವ, ಅಗತ್ಯ ಬಿದ್ದರೆ ಹೋಟೆಲ್ ಕೋಣೆ ಮತ್ತು ವಾಹನ ಒದಗಿಸುವ ವ್ಯವಸ್ಥೆ ಮಾಡಿತು. ಒಂಟಿ ಕೇಂದ್ರವೊಂದು ಅಂಥ ಕಂಪನಿಯ ಬಾಗಿಲು ಬಡಿದಿದ್ದರೆ ಕೇಳುವವರು ಕಡಿಮೆ. ಇಡೀ ರಾಜ್ಯದ ಪರವಾಗಿ ಮಾತಾಡುವ ಸಂಸ್ಥೆಗೆ ಇಲ್ಲ ಎನ್ನುವುದು ಕಷ್ಟ. ಸಾಧನ ಸಲಕರಣೆಗಳ ವಿಷಯದಲ್ಲೂ ಹೀಗೆಯೇ. ಮಾತಾಡುವ ಸಾಫ್ಟ್‌ವೇರ್, ಶ್ರವಣ ಸಾಧನ, ಸ್ನಾನದ ಕುರ್ಚಿ ಇವುಗಳನ್ನು ಕೊಳ್ಳುವ ಮೊದಲು ಒಯ್ದು ಬಳಸಿ ನೋಡಲು ಅಲ್ಲಿ ಎರವಲು ಸಂಗ್ರಹಗಳಿವೆ. ಒಬ್ಬರು ಬಳಸಿ ಬಿಟ್ಟದ್ದು ದುರಸ್ತಿಯಾಗಿ ಇನ್ನೊಬ್ಬರಿಗೆ ಹೋಗುತ್ತದೆ. ನಮ್ಮಲ್ಲಿ ಒಂದೇ ಅಳತೆಯ ಗಾಲಿಕುರ್ಚಿಗಳನ್ನು ಶಿಬಿರದಲ್ಲಿ ಸಾರಾಸಗಟಾಗಿ ಹಂಚುವ ಪದ್ಧತಿಯ ಎದುರು ಇದನ್ನು ಇಟ್ಟು ನೋಡಬೇಕು.

ಸೇವೆಗಿಂತ ದೊಡ್ಡ ಫಲ ಹೋರಾಟದ್ದು. 1973ರ ಪುನರ್ವಸತಿ ಕಾಯ್ದೆಯ 504ನೇ ಸೆಕ್ಷನ್, ಸರ್ಕಾರದ ಹಣ ಪಡೆಯುವ ಯಾವ ಸಂಸ್ಥೆಯೂ ಅಂಗವಿಕಲರ ವಿರುದ್ಧ ತಾರತಮ್ಯ ಮಾಡುವಂತಿಲ್ಲ ಎಂದಿತು. ಆದರೆ ನಿಯಮಗಳಿಗೆ ಸಹಿ ಬೀಳದೆ ಅದು ನಾಲ್ಕು ವರ್ಷ ಕಾಗದದಲ್ಲೇ ಉಳಿಯಿತು. 1977ರ ಏಪ್ರಿಲ್ 5ರಂದು ಸ್ಯಾನ್ ಫ್ರಾನ್ಸಿಸ್ಕೊದ ಸರ್ಕಾರಿ ಕಟ್ಟಡದೊಳಗೆ ಹೊಕ್ಕ ನೂರಕ್ಕೂ ಹೆಚ್ಚು ಅಂಗವಿಕಲರು ಮತ್ತು ಅವರ ಸಂಗಾತಿಗಳು ನಾಲ್ಕು ವಾರಗಳ ಹತ್ತಿರ ಅಲ್ಲೇ ಉಳಿದರು. ಏಪ್ರಿಲ್ 28ರಂದು ಸಹಿ ಬಿತ್ತು. ಮುಂದೆ ನಿಂತವರಲ್ಲಿ ಜೂಡಿ ಹ್ಯೂಮನ್ ಸೇರಿದಂತೆ ಬರ್ಕ್ಲಿ ಕೇಂದ್ರದವರು ಹಲವರಿದ್ದರು. ಹಣ ಕೊಡುವ ಸರ್ಕಾರದ ವಿರುದ್ಧವೇ ಧರಣಿ ಕೂರುವ ಧೈರ್ಯ, ಮಂಡಳಿಯ ಬಹುಮತ ಅಧಿಕಾರಿಗಳದ್ದಾಗಿದ್ದರೆ ಬರುತ್ತಿರಲಿಲ್ಲ. 1999ರಲ್ಲಿ ಜಾರ್ಜಿಯಾ ರಾಜ್ಯದ ಓಮ್‌ಸ್ಟೆಡ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಊರಿನೊಳಗೆ ಬದುಕಬಲ್ಲವರನ್ನು ಕಾರಣವಿಲ್ಲದೆ ಸಂಸ್ಥೆಗಳಲ್ಲಿ ಇಡುವುದೇ ತಾರತಮ್ಯ ಎಂದಿತು. ತೀರ್ಪು ಬಂದಷ್ಟಕ್ಕೆ ಯಾರೂ ಹೊರಗೆ ಬರುವುದಿಲ್ಲ. ಮನೆ ಹುಡುಕಬೇಕು, ಸಹಾಯಕರನ್ನು ಗೊತ್ತುಮಾಡಬೇಕು, ಹತ್ತು ವರ್ಷ ಸ್ವಂತ ಅಡುಗೆ ಮಾಡದವರಿಗೆ ಅಂಗಡಿ–ಮಾರುಕಟ್ಟೆಯ ರೂಢಿ ಮತ್ತೆ ಆಗಬೇಕು. ಸಂಸ್ಥೆಗೆ ಕಟ್ಟುತ್ತಿದ್ದ ಹಣ ವ್ಯಕ್ತಿಯ ಹಿಂದೆಯೇ ಊರಿಗೆ ಬರಲಿ ಎಂಬ ತತ್ವದ ಒಕ್ಕೂಟ ಸರ್ಕಾರದ ಕಾರ್ಯಕ್ರಮದಡಿ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಹೀಗೆ ಹೊರಬಂದಿದ್ದಾರೆ. ಅನೇಕ ರಾಜ್ಯಗಳಲ್ಲಿ ಕೈಹಿಡಿದು ಕರೆತಂದ ಕೆಲಸ ಈ ಕೇಂದ್ರಗಳದ್ದು.

ಹಾಗೆಂದು ಅದೇನೂ ಸ್ವರ್ಗವಲ್ಲ. ಚಳವಳಿಯ ಆರಂಭದ ನಾಯಕತ್ವ ಬಹುತೇಕ ಗಾಲಿಕುರ್ಚಿ ಬಳಸುವ, ಓದಿದ, ಬಿಳಿಯರದ್ದಾಗಿತ್ತು. ಕಪ್ಪುಜನರು ಹೆಚ್ಚಾಗಿದ್ದ ಈಸ್ಟ್ ಓಕ್‌ಲ್ಯಾಂಡಿನಲ್ಲೂ ಕೇಂದ್ರ ಬೇಕು ಎಂದು ಕೇಳಿ ಬಂದವರು, ಕಪ್ಪುಜನರ ಹಕ್ಕಿಗಾಗಿ ಹೋರಾಡುತ್ತಿದ್ದ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಬ್ರ್ಯಾಡ್ ಲೋಮ್ಯಾಕ್ಸ್. 1977ರ ಧರಣಿ ಕೂತವರಿಗೆ ದಿನವೂ ಬಿಸಿಯೂಟ ತಂದುಕೊಟ್ಟದ್ದೂ ಆ ಪಕ್ಷವೇ. ಅದು ಇಲ್ಲದಿದ್ದರೆ ಧರಣಿ ಅಷ್ಟು ದಿನ ನಿಲ್ಲುತ್ತಿತ್ತೇ ಎಂಬುದು ಅನುಮಾನ. ಬಡವರ ಆರೋಗ್ಯ ಯೋಜನೆ ಮೆಡಿಕೇಡ್ ನರ್ಸಿಂಗ್ ಹೋಮಿನ ವೆಚ್ಚ ಭರಿಸುವುದು ಅಲ್ಲಿ ಕಡ್ಡಾಯ, ಮನೆಯಲ್ಲಿ ಸಿಗುವ ನೆರವಿನ ಬಹುಪಾಲು ರಾಜ್ಯಗಳ ಇಚ್ಛೆಗೆ ಬಿಟ್ಟದ್ದು. ಹಾಗಾಗಿ ಕಾಯುವ ಪಟ್ಟಿಗಳಲ್ಲಿ ಇಂದಿಗೂ ಲಕ್ಷಗಟ್ಟಲೆ ಹೆಸರುಗಳಿವೆ. ಕೇಂದ್ರಗಳ ಮೂಲ ಅನುದಾನ ತೀರಾ ತೆಳು. ವೇತನ ಕಡಿಮೆಯಾದ್ದರಿಂದ ಸಿಬ್ಬಂದಿ ನಿಲ್ಲುವುದಿಲ್ಲ. ಅಲ್ಲಿನ ಮಾದರಿಯನ್ನು ಹಾಗೆಯೇ ಎತ್ತಿ ತರಬೇಕು ಎಂದು ನಾನು ಹೇಳುತ್ತಿಲ್ಲ. ಅದರಲ್ಲಿ ಉಳಿದದ್ದೆಲ್ಲ ಏರುಪೇರಾದರೂ ಅಲುಗಾಡದೆ ನಿಂತದ್ದು ಯಾವುದು ಎಂದು ನೋಡಿದರೆ, ಆಡಳಿತ ಮಂಡಳಿಯ ಬಹುಮತದ ಆ ಒಂದು ನಿಯಮ ಕಾಣುತ್ತದೆ.

ಈಗ ಕರ್ನಾಟಕಕ್ಕೆ ಬರೋಣ. 2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ 13.24 ಲಕ್ಷ ಅಂಗವಿಕಲರಿದ್ದರು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಗುರುತಿಸುವ ಬಗೆಗಳು 21ಕ್ಕೆ ಏರಿರುವುದರಿಂದ ನಿಜವಾದ ಸಂಖ್ಯೆ ಅದಕ್ಕಿಂತ ದೊಡ್ಡದು. ಭಾರತ 2007ರಲ್ಲಿ ಅನುಮೋದಿಸಿದ ವಿಶ್ವಸಂಸ್ಥೆಯ ಒಡಂಬಡಿಕೆಯ 19ನೇ ವಿಧಿ ಎಲ್ಲಿ, ಯಾರೊಂದಿಗೆ ಬದುಕಬೇಕು ಎಂಬ ಆಯ್ಕೆಯನ್ನು ಅಂಗವಿಕಲರ ಹಕ್ಕೆಂದು ಒಪ್ಪಿದೆ. ನಮ್ಮ ಕಾಯ್ದೆಯ 5ನೇ ಸೆಕ್ಷನ್ ಸಮುದಾಯದಲ್ಲಿ ಬದುಕುವ ಹಕ್ಕನ್ನೂ ಅದಕ್ಕೆ ಬೇಕಾದ ನೆರವನ್ನೂ ಹೇಳುತ್ತದೆ. 38ನೇ ಸೆಕ್ಷನ್ ಹೆಚ್ಚಿನ ನೆರವು ಬೇಕಾದವರು ಅರ್ಜಿ ಹಾಕಿ ಪಡೆಯುವ ದಾರಿ ತೋರಿಸುತ್ತದೆ. ಕಟ್ಟಡ, ಸಾರಿಗೆಗಳ ಸುಗಮ್ಯತೆಯ ಮಾನದಂಡ ಬರಿಯ ಶಿಫಾರಸಾಗಿರಕೂಡದು, ಕಡ್ಡಾಯವಾಗಿರಬೇಕು ಎಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿತು. ಅಂದರೆ ಕಾಗದದ ಮೇಲೆ ನಾವು ಬಡವರಲ್ಲ. ಆದರೆ ತಾಲ್ಲೂಕು ಕಚೇರಿಯ ಇಳಿಜಾರು ನಿಯಮದಂತೆ ಇದೆಯೋ ಇಲ್ಲವೋ ಎಂದು ಅಳೆದು ನೋಡಿ, ಇಲ್ಲದಿದ್ದರೆ ಬೆನ್ನು ಹತ್ತುವ ಸಂಸ್ಥೆ ಜಿಲ್ಲೆಯಲ್ಲಿ ಯಾವುದು? 1959ರಿಂದ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿರುವ, ಎನ್.ಎಸ್. ಹೇಮಾ ಕಟ್ಟಿದ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿಯಂಥ ಸಂಸ್ಥೆಗಳು ದೊಡ್ಡ ಕೆಲಸ ಮಾಡಿವೆ. ಗಾಲಿಕುರ್ಚಿಯಲ್ಲಿದ್ದ ಮಹಿಳೆಯೇ ಅದರ ಸ್ಥಾಪಕಿ ಎಂಬುದು, ಈ ಪರಂಪರೆ ನಮಗೆ ಹೊರಗಿನದಲ್ಲ ಎಂಬುದಕ್ಕೆ ಸಾಕ್ಷಿ. ಆದರೆ ಒಂದು ಊರಿನ ಒಳ್ಳೆಯ ಸಂಸ್ಥೆ ಬೀದರ್‌ನಿಂದ ಚಾಮರಾಜನಗರದವರೆಗೆ ಎಲ್ಲರನ್ನೂ ತಲುಪಲಾರದು.

ಕರ್ನಾಟಕದ ಬಳಿ ಅಮೆರಿಕಕ್ಕೂ ಇಲ್ಲದ ಒಂದು ಆಸ್ತಿ ಇದೆ. ಗ್ರಾಮ ಪಂಚಾಯಿತಿಗೊಬ್ಬರಂತೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿಗೊಬ್ಬರು ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ನಗರಗಳಲ್ಲೂ ಅಂಥವರೇ. ಊರಿನವರ ಬಾಯಲ್ಲಿ ವಿಆರ್‌ಡಬ್ಲ್ಯು, ಎಂಆರ್‌ಡಬ್ಲ್ಯು. ಇವರು ಸ್ವತಃ ಅಂಗವಿಕಲರು. ಸುಮಾರು 6 ಸಾವಿರ ಪಂಚಾಯಿತಿಗಳಿರುವ ರಾಜ್ಯದಲ್ಲಿ ಅಂಗವಿಕಲರೇ ಅಂಗವಿಕಲರ ಮನೆ ಬಾಗಿಲಿಗೆ ಹೋಗುವ ಇಷ್ಟು ದಟ್ಟವಾದ ಜಾಲ ನಮ್ಮಲ್ಲಿ ಆಗಲೇ ಇದೆ. ಪೆಟ್ಟು ಬಿದ್ದು ಹಾಸಿಗೆ ಹಿಡಿದ ತರುಣನಿಗೆ ವೈದ್ಯರ ಸಾಂತ್ವನಕ್ಕಿಂತ ಅದೇ ಹಾದಿಯಲ್ಲಿ ಹತ್ತು ವರ್ಷ ಮುಂದೆ ಹೋದವರ ಮಾತು ತಾಗುತ್ತದೆ ಎಂಬ ಬರ್ಕ್ಲಿಯ ತಿಳಿವಳಿಕೆಯನ್ನು ನಮ್ಮ ಯೋಜನೆ ತನಗರಿವಿಲ್ಲದೆಯೇ ಅಳವಡಿಸಿಕೊಂಡಿದೆ. ಕೊರತೆ ಇರುವುದು ಮೇಲುಗಡೆ. ಈ ಕಾರ್ಯಕರ್ತರು ಗೌರವಧನದ ಮೇಲೆ ದುಡಿಯುವವರು, ಕಾಯಂ ನೌಕರರಲ್ಲ. ಏನು ಮಾಡಬೇಕೆಂಬ ಪಟ್ಟಿ ಬರುವುದು ಇಲಾಖೆಯಿಂದ, ದಿನದ ಲೆಕ್ಕ ಕೊಡಬೇಕಾದದ್ದು ಪಂಚಾಯಿತಿಗೆ. ಸಮೀಕ್ಷೆ, ಅರ್ಜಿ, ಕಾರ್ಡು, ಶಿಬಿರಕ್ಕೆ ಜನ ಸೇರಿಸುವುದು– ಇವೆಲ್ಲ ಬೇಕಾದ ಕೆಲಸಗಳೇ. ಆದರೆ ತನ್ನದೇ ಪಂಚಾಯಿತಿ ಕಟ್ಟಡಕ್ಕೆ ಇಳಿಜಾರು ಇಲ್ಲ ಎಂದು ದೂರು ಬರೆಯಬೇಕಾದ ಕಾರ್ಯಕರ್ತೆಯ ಹಾಜರಾತಿಗೆ ಸಹಿ ಹಾಕುವುದು ಅದೇ ಪಂಚಾಯಿತಿ ಎಂದಾದರೆ ಆ ದೂರು ಬರೆಯುವವರು ಯಾರು? ಅಂಗವಿಕಲರನ್ನು ಸಿಬ್ಬಂದಿಯಾಗಿ ಸೇರಿಸಿಕೊಂಡಿದ್ದೇವೆ, ಯಜಮಾನಿಕೆಯಲ್ಲಿ ಸೇರಿಸಿಕೊಂಡಿಲ್ಲ.

ಹಾಗಾಗಿ ನನ್ನ ಸಲಹೆ ಹೊಸ ಕಟ್ಟಡಗಳದ್ದಲ್ಲ. ಜಿಲ್ಲೆಗೊಂದು ನೋಂದಾಯಿತ ಸಂಸ್ಥೆ ಇರಲಿ, ಅದರ ಆಡಳಿತ ಮಂಡಳಿಯ ಬಹುಮತ ಅಂಗವಿಕಲರದ್ದು ಎಂಬುದು ರಾಜ್ಯದ ನಿಯಮಗಳಲ್ಲೇ ಬರೆದಿರಲಿ. ಆ ಬಹುಮತದೊಳಗೆ ಬೇರೆಬೇರೆ ಬಗೆಯ ಅಂಗವೈಕಲ್ಯಗಳಿಗೂ ಮಹಿಳೆಯರಿಗೂ ದಲಿತ ಮತ್ತು ಆದಿವಾಸಿ ಸಮುದಾಯಗಳಿಗೂ ಜಾಗ ಖಚಿತವಾಗಿರಲಿ. ಬರ್ಕ್ಲಿ ತಡವಾಗಿ ಕಲಿತದ್ದನ್ನು ನಾವು ಮೊದಲ ದಿನವೇ ಬರೆದಿಡಬಹುದು. ಪುನರ್ವಸತಿ ಕಾರ್ಯಕರ್ತರನ್ನು ಹಂತಹಂತವಾಗಿ ಈ ಕೇಂದ್ರಗಳ ಸಿಬ್ಬಂದಿಯಾಗಿಸಿ, ಸರಿಯಾದ ವೇತನ ಮತ್ತು ತರಬೇತಿ ಕೊಡಬೇಕು. ಎಲ್ಲಕ್ಕಿಂತ ಮೇಲೆ, ಯಾವ ಜಿಲ್ಲೆಗೆ ಎಷ್ಟು ಹಣ ಎಂದು ತೀರ್ಮಾನಿಸುವ ರಾಜ್ಯ ಯೋಜನೆಗೆ ಕೇಂದ್ರಗಳ ಒಪ್ಪಿಗೆ ಕಡ್ಡಾಯವಾಗಬೇಕು. ಕಾಯ್ದೆಯ ಪ್ರಕಾರ ರಾಜ್ಯಕ್ಕೆ ಸಲಹಾ ಮಂಡಳಿಯೊಂದಿದೆ. ಸಲಹೆ ಕೇಳಿ ಚಹಾ ಕೊಟ್ಟು ಕಳಿಸುವುದಕ್ಕೂ ಸಹಿ ಇಲ್ಲದೆ ಹಣ ಬಿಡುಗಡೆಯಾಗದು ಎನ್ನುವುದಕ್ಕೂ ಅಂತರವಿದೆ.

ಇದಕ್ಕೆ ಎದುರಾಗುವ ಮೊದಲ ಆಕ್ಷೇಪ ಗೊತ್ತಿದ್ದದ್ದೇ. ನಮ್ಮಲ್ಲಿ ಕುಟುಂಬ ಇದೆ, ಒಬ್ಬಂಟಿಯಾಗಿ ಬದುಕುವ ಅಮೆರಿಕದವರ ಕಲ್ಪನೆ ನಮಗೇಕೆ? ಇದರಲ್ಲಿ ಅರ್ಧ ಸತ್ಯವಿದೆ. ಕುಟುಂಬದ ಆಸರೆ ನಮ್ಮಲ್ಲಿ ನಿಜವಾಗಿಯೂ ದೊಡ್ಡದು. ಆದರೆ ಆ ಆಸರೆಯ ಭಾರ ಹೊರುವವರು ಯಾರೆಂದು ಕೇಳಿದರೆ ತಾಯಿ, ಅಕ್ಕ, ಸೊಸೆ ಎಂಬ ಉತ್ತರ ಬರುತ್ತದೆ, ‘ಕುಟುಂಬ’ ಎಂಬ ಉತ್ತರ ಬರುವುದಿಲ್ಲ. ಮಗನನ್ನು ಬಿಟ್ಟು ಕೂಲಿಗೆ ಹೋಗಲಾಗದ ತಾಯಿ, ತಮ್ಮನನ್ನು ನೋಡಿಕೊಳ್ಳಲು ಶಾಲೆ ಬಿಟ್ಟ ಹುಡುಗಿ ಈ ಆಕ್ಷೇಪದಲ್ಲಿ ಕಾಣುವುದೇ ಇಲ್ಲ. ತಾಯಿಗೆ ಎಪ್ಪತ್ತು ದಾಟಿದ ಮೇಲೆ ನಲವತ್ತೈದರ ಮಗನನ್ನು ಎತ್ತುವವರು ಯಾರು ಎಂಬುದಕ್ಕೂ ಅದರಲ್ಲಿ ಉತ್ತರವಿಲ್ಲ. ಸ್ವತಂತ್ರ ಬದುಕು ಎಂದರೆ ಒಂಟಿ ಬದುಕೂ ಅಲ್ಲ, ಎಲ್ಲವನ್ನೂ ತನ್ನ ಕೈಯಿಂದಲೇ ಮಾಡಿಕೊಳ್ಳುವುದೂ ಅಲ್ಲ. ಎಷ್ಟು ಹೊತ್ತಿಗೆ ಏಳಬೇಕು, ಏನು ಉಣ್ಣಬೇಕು, ಯಾರನ್ನು ಮದುವೆಯಾಗಬೇಕು ಎಂಬ ತೀರ್ಮಾನ ತನ್ನದಾಗಿರುವುದು. ಕ್ಯಾಲಿಫೋರ್ನಿಯಾದಲ್ಲಿ ಮನೆಯಲ್ಲೇ ಸಹಾಯಕರನ್ನು ಒದಗಿಸುವ ಸರ್ಕಾರಿ ಕಾರ್ಯಕ್ರಮ 6 ಲಕ್ಷಕ್ಕೂ ಹೆಚ್ಚು ಮಂದಿಗೆ ತಲುಪುತ್ತದೆ. ಸಹಾಯಕರನ್ನು ಆರಿಸುವುದು, ಕೆಲಸ ಹೇಳುವುದು, ಬೇಡವೆನಿಸಿದರೆ ಬಿಡಿಸುವುದು ಎಲ್ಲವೂ ನೆರವು ಪಡೆಯುವವರ ಕೈಯಲ್ಲಿದೆ. ಆ ಸಹಾಯಕರಲ್ಲಿ ಬಹುಪಾಲು ಸ್ವಂತ ಕುಟುಂಬದವರೇ, ವ್ಯತ್ಯಾಸವೆಂದರೆ ಅವರ ದುಡಿಮೆಗೆ ಸರ್ಕಾರದ ಸಂಬಳ ಇದೆ. ಇದು ಕುಟುಂಬ ಒಡೆಯುವ ಕೆಲಸವೇ? ಕುಟುಂಬದ ಕಟ್ಟುಪಾಡು ನಮ್ಮಷ್ಟೇ ಬಿಗಿಯಾಗಿರುವ ಜಪಾನಿನಲ್ಲಿ 1986ರಲ್ಲಿ ಟೋಕಿಯೊದ ಹಾಚಿಯೋಜಿಯಲ್ಲಿ ಹ್ಯೂಮನ್ ಕೇರ್ ಅಸೋಸಿಯೇಷನ್ ಎಂಬ ಕೇಂದ್ರ ಶುರುವಾಯಿತು, 1991ರಲ್ಲಿ ದೇಶದ ಕೇಂದ್ರಗಳ ಒಕ್ಕೂಟ ಹುಟ್ಟಿತು, ಇಂದು ಅದರಲ್ಲಿ ನೂರಕ್ಕೂ ಹೆಚ್ಚು ಕೇಂದ್ರಗಳಿವೆ. ಅಮೆರಿಕದಲ್ಲಿ ತರಬೇತಿ ಪಡೆದು ಮರಳಿದ ಅಂಗವಿಕಲ ತರುಣರು ಅವನ್ನು ಜಪಾನಿನ ರೀತಿಗೆ ಒಗ್ಗಿಸಿದರು. ಸಹಾಯಕರನ್ನು ಕಳಿಸುವ ಸೇವೆಯನ್ನು ಕೇಂದ್ರಗಳೇ ನಡೆಸಿ ಅದರ ಆದಾಯದಿಂದ ಹೋರಾಟವನ್ನೂ ನಡೆಸಿದರು. ಮಂಡಳಿಯ ಬಹುಮತ ಅಂಗವಿಕಲರದ್ದು ಎಂಬ ನಿಯಮವನ್ನು ಮಾತ್ರ ಬಿಟ್ಟುಕೊಡಲಿಲ್ಲ.

ಎರಡನೆಯದು ಹಣದ ಆಕ್ಷೇಪ. ಇಲ್ಲಿ ಅಮೆರಿಕದವರ ನೆಚ್ಚಿನ ವಾದವನ್ನು ನಾವು ಎರವಲು ತರುವಂತಿಲ್ಲ. ನರ್ಸಿಂಗ್ ಹೋಮಿನ ಬದಲು ಮನೆಯಲ್ಲಿ ನೆರವು ಕೊಟ್ಟರೆ ಸರ್ಕಾರಕ್ಕೆ ಉಳಿತಾಯ ಎಂಬುದು ಅಲ್ಲಿ ನಿಜ, ಏಕೆಂದರೆ ಅಲ್ಲಿ ಸರ್ಕಾರ ಆ ಬಿಲ್ಲು ಕಟ್ಟುತ್ತಿತ್ತು. ನಮ್ಮ ಸರ್ಕಾರ ಹೆಚ್ಚಿನವರಿಗೆ ಅಂಥ ಬಿಲ್ಲು ಕಟ್ಟುತ್ತಲೇ ಇಲ್ಲ. ಕಟ್ಟುತ್ತಿರುವುದು ಮನೆಯ ಹೆಂಗಸರು, ತಮ್ಮ ದುಡಿಮೆ ಮತ್ತು ಆರೋಗ್ಯದಿಂದ. ಹಾಗಾಗಿ ಇದು ಉಳಿತಾಯದ ಯೋಜನೆ ಎಂದು ಹಣಕಾಸು ಇಲಾಖೆಯ ಮನವೊಲಿಸುವುದು ಪ್ರಾಮಾಣಿಕವಲ್ಲ. ಇದು ಖರ್ಚೇ. ಆದರೆ ಎಷ್ಟು ದೊಡ್ಡ ಖರ್ಚು? ಅಂದಾಜಿಗೆ ಜಿಲ್ಲೆಗೆ ವರ್ಷಕ್ಕೆ 2 ಕೋಟಿ ಎಂದಿಟ್ಟುಕೊಂಡರೂ 31 ಜಿಲ್ಲೆಗೆ 62 ಕೋಟಿ. ರಾಜ್ಯದ ಬಜೆಟ್ 4 ಲಕ್ಷ ಕೋಟಿ ದಾಟಿದೆ. ಅದರ ಜೊತೆಗೆ ಸ್ಥಳೀಯ ಸಂಸ್ಥೆಗಳು ಅಂಗವಿಕಲರಿಗಾಗಿ ತೆಗೆದಿಡಬೇಕಾದ ಶೇ 5ರ ಹಣವಿದೆ. ವರ್ಷದ ಕೊನೆಯಲ್ಲಿ ತರಾತುರಿಯಿಂದ ಸಲಕರಣೆ ಕೊಂಡು ಹಂಚುವ ಬದಲು ಅದರ ಒಂದು ಪಾಲು ಕೇಂದ್ರದ ದುರಸ್ತಿ ಶೆಡ್ಡಿಗೂ ಸಹಾಯಕರ ಕೂಲಿಗೂ ಹೋದರೆ ಹಂಚಿದ ಸಲಕರಣೆಗಳೂ ಬಾಳುತ್ತವೆ. ಸಹಾಯಕರ ವೇತನವನ್ನು ಎಲ್ಲರಿಗೂ ಒದಗಿಸುವುದು ದೊಡ್ಡ ಮೊತ್ತ ಎಂಬುದನ್ನು ನಾನು ಮರೆಮಾಚುವುದಿಲ್ಲ. ಅದನ್ನು 38ನೇ ಸೆಕ್ಷನ್ನಿನಡಿ ಅತಿ ಹೆಚ್ಚಿನ ನೆರವು ಬೇಕಾದವರಿಂದ, ದಿನಕ್ಕೆ ಕೆಲವೇ ಗಂಟೆಗಳಿಂದ ಶುರು ಮಾಡಬೇಕಾಗುತ್ತದೆ.

ಮೂರನೆಯ ಆಕ್ಷೇಪವನ್ನು ಹೆಚ್ಚು ಗಂಭೀರವಾಗಿ ತೆಗೆದುಕೊಳ್ಳಬೇಕು. ಬೌದ್ಧಿಕ ಅಂಗವೈಕಲ್ಯ ಇರುವವರು ತಮ್ಮ ಬದುಕಿನ ತೀರ್ಮಾನವನ್ನೇ ತೆಗೆದುಕೊಳ್ಳಲಾರದಾಗ ಸಂಸ್ಥೆ ನಡೆಸುವುದು ಹೇಗೆ, ಅವರ ಪರವಾಗಿ ತಂದೆ–ತಾಯಿ ಇದ್ದರೆ ಸಾಲದೇ ಎಂದು ಕೇಳುವವರಲ್ಲಿ ಪಾಲಕರೇ ಹೆಚ್ಚು. ಅವರ ಆತಂಕಕ್ಕೆ ಬೆಲೆ ಇದೆ. ಆದರೆ 1974ರಲ್ಲಿ ಅಮೆರಿಕದ ಒರೆಗಾನ್‌ನಲ್ಲಿ ಬೌದ್ಧಿಕ ಅಂಗವೈಕಲ್ಯ ಇದ್ದವರೇ ಸೇರಿ ‘ಪೀಪಲ್ ಫಸ್ಟ್’ ಎಂಬ ಸಂಘಟನೆ ಕಟ್ಟಿದರು. ಸರಳ ಭಾಷೆಯ ಕಾಗದಪತ್ರ, ನಿಧಾನದ ಸಭೆ, ಪಕ್ಕದಲ್ಲಿ ನಂಬಿಕಸ್ತ ಜೊತೆಗಾರ ಇಷ್ಟಿದ್ದರೆ ಅವರೂ ತೀರ್ಮಾನಿಸಬಲ್ಲರು ಎಂಬುದನ್ನು ಅದು ಹಲವು ದೇಶಗಳಲ್ಲಿ ತೋರಿಸಿದೆ. ನಮ್ಮ 2016ರ ಕಾಯ್ದೆಯೂ ಪೂರ್ಣ ಪಾಲಕತ್ವದಿಂದ ಸರಿದು, ವ್ಯಕ್ತಿಯ ಜೊತೆ ಸಮಾಲೋಚಿಸಿ ತೀರ್ಮಾನಿಸುವ ಸೀಮಿತ ಪಾಲಕತ್ವದ ಕಡೆ ಹೆಜ್ಜೆ ಇಟ್ಟಿದೆ. ಪಾಲಕರಿಗೆ ಮಂಡಳಿಯಲ್ಲಿ ಜಾಗ ಇರಲೇಬೇಕು. ಬಹುಮತ ಮಾತ್ರ ಅವರದ್ದಾಗಬಾರದು. ಮಗಳ ಸುರಕ್ಷತೆಯನ್ನು ಮಗಳ ಇಚ್ಛೆಗಿಂತ ಮುಂದಿಡುವುದು ತಂದೆ–ತಾಯಿಯ ಸಹಜ ಸ್ವಭಾವ, ಮತ್ತು ಕೇಂದ್ರದ ಕೆಲಸ ಶುರುವಾಗುವುದೇ ಆ ಎರಡರ ನಡುವಿನ ಜಗ್ಗಾಟದಲ್ಲಿ.

ಇನ್ನು ರಾಜಕೀಯದ ಮಾತು. ಅಂಗವಿಕಲರ ಹೆಸರಿನಲ್ಲಿ ಸ್ಥಳೀಯ ಪುಢಾರಿಗಳು ಮಂಡಳಿ ಹಿಡಿಯುತ್ತಾರೆ, ಅಧ್ಯಕ್ಷಗಿರಿಗೆ ಬಣ ಹುಟ್ಟುತ್ತವೆ, ಹಣ ಸೋರುತ್ತದೆ ಎನ್ನುತ್ತಾರೆ. ಹೌದು, ಹೀಗಾಗಬಹುದು. ಸಹಕಾರ ಸಂಘ, ಹಾಲಿನ ಡೇರಿ, ಶಾಲಾಭಿವೃದ್ಧಿ ಸಮಿತಿ ಎಲ್ಲದರಲ್ಲೂ ಹೀಗೆ ಆಗಿದೆ, ಹಾಗೆಂದು ಡೇರಿಯನ್ನು ಇಲಾಖೆಗೆ ಒಪ್ಪಿಸಿ ಎಂದು ರೈತರಿಗೆ ಯಾರೂ ಹೇಳುವುದಿಲ್ಲ. ಅಂಗವಿಕಲರ ವಿಷಯದಲ್ಲಿ ಮಾತ್ರ ಅವರು ತಪ್ಪೇ ಮಾಡದಷ್ಟು ಪವಿತ್ರರಾದ ಮೇಲೆ ಅಧಿಕಾರ ಕೊಡೋಣ ಎನ್ನುವ ಮನೋಭಾವ ಇದೆ. ಲೆಕ್ಕಪರಿಶೋಧನೆ, ಅವಧಿಯ ಮಿತಿ, ಒಂದು ಜಿಲ್ಲೆಯ ಕೇಂದ್ರವನ್ನು ಇನ್ನೊಂದು ಜಿಲ್ಲೆಯವರು ಬಂದು ಪರಿಶೀಲಿಸುವ ಪದ್ಧತಿ, ಸೇವೆ ಪಡೆದವರ ಸಾರ್ವಜನಿಕ ಸಭೆ– ಈ ಬೇಲಿಗಳನ್ನು ಹಾಕಬೇಕು. ಸರ್ಕಾರದ ಹಣ ತಿಂದು ಸರ್ಕಾರವನ್ನು ಪ್ರಶ್ನಿಸುವುದು ಹೇಗೆ ಎಂಬ ಸೂಕ್ಷ್ಮ ಪ್ರಶ್ನೆಗೂ ಉತ್ತರ ಅನುದಾನದ ರೀತಿಯಲ್ಲಿದೆ. ವರ್ಷವರ್ಷ ಕಾರ್ಯದರ್ಶಿಯ ಮರ್ಜಿಯಿಂದ ಬಿಡುಗಡೆಯಾಗುವ ಹಣ ಬಾಯಿ ಕಟ್ಟುತ್ತದೆ. ಮೂರು ವರ್ಷದ ಯೋಜನೆಗೆ ಕಾನೂನಿನ ಸೂತ್ರದಂತೆ ಬರುವ ಹಣ ಕಟ್ಟುವುದಿಲ್ಲ.

ಇದೆಲ್ಲ ಮೂವತ್ತೊಂದು ಜಿಲ್ಲೆಗಳಲ್ಲಿ ಒಂದೇ ಸಲ ಆಗುವಂಥದ್ದಲ್ಲ, ಆಗಲೂಬಾರದು. ಕಲ್ಯಾಣ ಕರ್ನಾಟಕದಲ್ಲಿ ಒಂದು, ಮಲೆನಾಡು ಅಥವಾ ಕರಾವಳಿಯಲ್ಲಿ ಒಂದು, ಹಳೆ ಮೈಸೂರಿನಲ್ಲಿ ಒಂದು ಜಿಲ್ಲೆ ಆರಿಸಿಕೊಂಡು, ಅಲ್ಲಿನ ಪುನರ್ವಸತಿ ಕಾರ್ಯಕರ್ತರು ಮತ್ತು ಅಂಗವಿಕಲರ ಸಂಘಗಳು ಸೇರಿ ಮೊದಲ ಮಂಡಳಿಗಳನ್ನು ಆರಿಸಲಿ. ಜಿಲ್ಲಾಧಿಕಾರಿ ಆ ಮಂಡಳಿಯ ಅಧ್ಯಕ್ಷರಾಗುವುದು ಬೇಡ. ನಮ್ಮ ಯೋಜನೆಗಳ ಆದೇಶಗಳಲ್ಲಿ ಆ ಸಾಲು ಎಷ್ಟು ರೂಢಿಯಾಗಿದೆಯೆಂದರೆ ಕರಡು ಬರೆಯುವವರ ಕೈ ತಾನಾಗಿಯೇ ಅದನ್ನು ಬರೆದುಬಿಡುತ್ತದೆ. ಈ ಒಂದು ಆದೇಶದಲ್ಲಿ ಅದನ್ನು ಹೊಡೆದುಹಾಕಿ, ಜಿಲ್ಲಾಧಿಕಾರಿಯನ್ನು ಮತವಿಲ್ಲದ ಆಹ್ವಾನಿತರನ್ನಾಗಿ ಕೂರಿಸಿದರೆ ಸಾಕು, ಕೆಲಸ ಶುರು ಮಾಡಬಹುದು.